ರಕ್ತದ ಪೆಟ್ಟಿಗೆಯ ಪರೀಕ್ಷೆ

ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಅಮ್ಮನಿಗೆ ಫೋನು ಮಾಡುವುದನ್ನು ಆಕೆ ಒಂದು ದಿನವೂ ತಪ್ಪಿಸಿದವಳಲ್ಲ.

"ಏನ್ರೀ ಆಫೀಸರಮ್ಮ, ತಿಂಡಿ ಆಯ್ತಾ?" ಎಂದು ಅಮ್ಮ ಅಂದೂ ರೇಗಿಸಿದರು.

"ಇವತ್ತು ಪಾಸಾದ್ರೆ ತಾನೇ ಆಫೀಸರ್ರು? ದೇವರ ಹತ್ರ ಒಂದು ಮಾತು ಹೇಳಮ್ಮ."

ಸೇನಾ ಆಸ್ಪತ್ರೆಯ ರಕ್ತನಿಧಿಯಲ್ಲಿ ವರ್ಷಗಟ್ಟಲೆ ದುಡಿದ ಆಕೆಗೆ ವೈದ್ಯಕೀಯ ನೆರವು ವಿಭಾಗದ ಅಧಿಕಾರಿಯಾಗುವ ಆಸೆ. ಗಾಯಾಳುಗಳಿಗೆ ಕಳಿಸುವ ರಕ್ತವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಜೋಡಿಸುವುದೇ ಅಂದಿನ ಪರೀಕ್ಷೆ. ಪರೀಕ್ಷೆಯಾದ್ದರಿಂದ ಚೀಲಗಳಲ್ಲಿ ರಕ್ತದ ಬದಲು ಇದ್ದದ್ದು ಬರೀ ಕೆಂಪು ನೀರು. ಗಡಿಬಿಡಿಯಲ್ಲಿ ಆಕೆ ಚೀಲಕ್ಕೂ ಮಂಜುಗಡ್ಡೆಗೂ ನಡುವೆ ರಟ್ಟು ಇಡುವುದನ್ನು ಮರೆತಳು. ಹಾಗೆ ತಾಗಿಕೊಂಡರೆ ನಿಜವಾದ ರಕ್ತ ಕೆಟ್ಟು ಯಾರಿಗೂ ಕೊಡಲಾಗದಂತಾಗುತ್ತದೆ.

ಪೆಟ್ಟಿಗೆ ತೆರೆದು ನೋಡಿದ ಪರೀಕ್ಷಕರು ಆಕೆಯ ಹಳೆಯ ಮೇಲಧಿಕಾರಿ. ಅವರು ದನಿ ತಗ್ಗಿಸಿದರು.

"ಬರೀ ನೀರು ಕಣಮ್ಮ. ನಾನು ನೋಡೇ ಇಲ್ಲ ಅನ್ಕೋ, ರಟ್ಟು ಇಟ್ಟು ಮುಚ್ಚಿಬಿಡು. ಇಲ್ದಿದ್ರೆ ಮುಂದಿನ ವರ್ಷದವರೆಗೆ ಕಾಯಬೇಕು."

ನಾಳೆ ಕೈಕೆಳಗಿನವರು ಇದೇ ತಪ್ಪು ಮಾಡಿದರೆ ಗದರಿಸಲು ತನಗೆ ಬಾಯಿ ಎಲ್ಲಿರುತ್ತದೆ ಎಂದು ಆಕೆಗೆ ಅನಿಸಿತು.

"ಬೇಡ ಸರ್, ಕಂಡದ್ದನ್ನೇ ಬರೀರಿ," ಎಂದಳು. "ಮುಂದಿನ ವರ್ಷ ಬರ್ತೀನಿ."