ಸಫರ್ ಪದದ ಮೂರನೆಯ ಅರ್ಥ

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಬೋಳು ಬೆರಳಿನಲ್ಲಿ ಕೆಂಪು ಪೆನ್ನು ಒತ್ತಿ ಹಿಡಿದು, ನಂಜನಗೂಡಿನ ನಮ್ಮ ಹೈಸ್ಕೂಲಿನ ಅರ್ಧದಷ್ಟು ಮಕ್ಕಳನ್ನು ಅಳಿಸಿದ್ದರು. ರಜಾ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು. ತಪ್ಪಿದ್ದರೆ ಕ್ಲಾಸಿಗೆಲ್ಲ ಕೇಳುವಂತೆ ಓದುತ್ತಿದ್ದರು. ಬೆಳಿಗ್ಗೆ ಎಂಟಕ್ಕೇ ಬಂದು, ನಮ್ಮಂಥ ಹಳ್ಳಿ ಹುಡುಗಿಯರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದವರೂ ಅವರೇ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ‘ಸಫರ್’ ಅನ್ನುವ ಪದಕ್ಕೆ ಮೂರು ಅರ್ಥ ಬರೆಸಿದರು: ಕಾಯಿಲೆಯಿಂದ ನರಳುವುದು, ನಷ್ಟ ಅನುಭವಿಸುವುದು, ನಡೆಯುವುದನ್ನು ತಡೆಯದೆ ನಡೆಯಗೊಡುವುದು. “ಮೂರನೇದು ಹಳೇ ಇಂಗ್ಲಿಷು. ನಿಮಗೆ ಬೇಕಾಗಲ್ಲ ಬಿಡಿ” ಅಂದರು.

ಮರುವಾರ ನನ್ನ ಪಕ್ಕ ಕೂರುತ್ತಿದ್ದ ಹೆಡತಲೆ ಊರಿನ ಗೆಳತಿ ಅರ್ಜಿ ಕೊಟ್ಟಳು: ‘ಐ ಆಮ್ ಸಫರಿಂಗ್ ಫ್ರಮ್ ಫಾದರ್.’ ಕನ್ನಡದಲ್ಲಿ ಹೇಳಲು ಬಾಯಿ ಬಾರದ್ದನ್ನು ಇಂಗ್ಲಿಷಿನಲ್ಲಿ ಬರೆದಿದ್ದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಫಾದರ್ ಅಲ್ಲ ಕಣಮ್ಮ, ಫೀವರ್! ಅಪ್ಪ ಏನು ಜ್ವರಾನಾ?”

ಇಡೀ ಕ್ಲಾಸು ನಕ್ಕಿತು. ಬೆನ್ನಿನ ಬಾಸುಂಡೆಗಳನ್ನು ಅವಳು ನನಗೆ ತೋರಿಸಿದ್ದಳು. ಆದರೂ ನಾನು ನಕ್ಕೆ.

ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ, ತಾಂಡ್ಯದ ಫ್ಯಾಕ್ಟರಿ ಕೆಲಸ ಮುಗಿಸಿ ಬಂದ ಅವಳ ಅಪ್ಪನಿಗೆ ಮೇಷ್ಟ್ರು ಅದನ್ನೇ ತಮಾಷೆಯಾಗಿ ಹೇಳಿದರು. ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಆತನೂ ನಕ್ಕು, “ಚೆನ್ನಾಗಿ ಕಲ್ಸಿ ಸಾ” ಅಂದ.

ಮಾರನೇ ದಿನದಿಂದ ಅವಳು ಬರಲಿಲ್ಲ. ಎಡಗೈ ಎರಡು ಕಡೆ ಮುರಿದಿತ್ತು. ಅದು ವಾಸಿಯಾಗುವ ಮೊದಲೇ ಟಿ. ನರಸೀಪುರದ ಅಜ್ಜಿಮನೆಗೆ ಕಳಿಸಿಬಿಟ್ಟರು. ಓದು ಅಲ್ಲಿಗೇ ನಿಂತಿತು.

ನಾನು ಸ್ಟಾಫ್ ರೂಮಿಗೆ ಹೋಗಿ, “ಸಾ, ಅವ್ಳು ಸರಿಯಾಗೇ ಬರ್ದಿದ್ಲು” ಅಂದೆ.

ಪೆನ್ನು ಕೆಳಗಿಟ್ಟರು. “ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು ಸಾ.”

“ಗೊತ್ತಿದ್ದೂ ನಕ್ಕೆಯಾ?”

ಕೆನ್ನೆಗೆ ಬಾರಿಸಿದರು. “ಹೋಗು, ಮೂರನೇ ಅರ್ಥಾನ ನೂರು ಸಲ ಬರಿ.”

ಬರೆದೆ. ಅವರು ತಮಗೆ ಏನು ಶಿಕ್ಷೆ ಕೊಟ್ಟುಕೊಂಡರೋ, ನಮಗೆ ಕಾಣಲಿಲ್ಲ.

ಈಗ ನಾನೂ ಇಂಗ್ಲಿಷ್ ಟೀಚರ್. ಆ ಬೆಳಗಿನ ಪಾಠದ ಋಣ ಅದು, ಇಲ್ಲವೆನ್ನಲಾರೆ. ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ತಿಳಿಸೋಣವೆಂದು ನರಸೀಪುರಕ್ಕೆ ಹೋದೆ. ಅವಳು ಅಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಎಡಗೈ ಪೂರ್ತಿ ಮಡಚಲು ಬರುವುದಿಲ್ಲ.

“ಮೇಷ್ಟ್ರು ಆಗ ಒಂದ್ಸಲ ಇಲ್ಲಿಗೂ ಬಂದಿದ್ರು. ನಾನು ಬಾಗ್ಲು ತೆಗೀಲಿಲ್ಲ” ಅಂದಳು. ಹೊಲಿದ ದಾರ ಕತ್ತರಿಸುತ್ತಾ ಕೇಳಿದಳು: “ಬಾಳ ದಿನ ಮಲಗಿದ್ರಾ?”

“ಇಲ್ಲ ಕಣೇ. ಕಾಫಿ ಕುಡೀತಾ ಕೂತಿದ್ದೋರು ಹಂಗೇ ಹೋಗ್ಬುಟ್ರು.”

“ಓ... ಅಷ್ಟು ಸಲೀಸಾ?” ಅಂದವಳೇ ಸೂಜಿಗೆ ದಾರ ಪೋಣಿಸಿ ಮಿಷಿನ್ ತುಳಿಯತೊಡಗಿದಳು.