ಪರಾತದಲ್ಲಿ ನಿಂತ ಒನಕೆ

ಹಿತ್ತಾಳೆಯ ಅಗಲವಾದ ಪರಾತದಲ್ಲಿ ಎರಡು ಬೆರಳಷ್ಟು ನೀರು. ಅದರ ನಡುವೆ ಒನಕೆಯೊಂದು, ಯಾರ ಆಸರೆಯೂ ಇಲ್ಲದೆ, ನೆಟ್ಟಗೆ ನಿಂತಿತ್ತು.

ಬೆಳಗಿನ ಸೂರ್ಯಗ್ರಹಣ ಮುಗಿದು ಇಪ್ಪತ್ತು ನಿಮಿಷವಾಗಿತ್ತು. ನಾನು ಹುಕ್ಕೇರಿ ತಾಲೂಕಿನ ಘೋಡಗೇರಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ; ದಿನವೂ ಗೋಕಾಕದಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂದು ವಾರವಿಡೀ ಬೋರ್ಡಿನ ಮೇಲೆ ಚಂದ್ರನ ನೆರಳನ್ನು ಬರೆದು ವಿವರಿಸಿದ್ದೆ. ಆದರೂ ಆ ದಿನ ಬಂದವರು ಹನ್ನೊಂದೇ ಮಕ್ಕಳು. ರಟ್ಟಿನ ತೂತಿನಿಂದ ಹಾಳೆಯ ಮೇಲೆ ಬಿದ್ದ ಕುಡುಗೋಲಿನಂಥ ಸೂರ್ಯನನ್ನು ಪೆನ್ಸಿಲಿನಿಂದ ಗುರುತಿಸಿಕೊಂಡೆವು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವ ಒಂಬತ್ತನೆಯ ತರಗತಿಯ ಹುಡುಗಿ ಬಂದಿರಲಿಲ್ಲ. ಹಾಳೆ ತೋರಿಸೋಣವೆಂದು ಅವಳ ಮನೆಗೆ ಹೋದಾಗ ಕಂಡದ್ದು ಈ ಒನಕೆ.

"ಗ್ರಹಣದಾಗ ಅಡ್ಡಾಡಾಕತ್ತೀರಲ್ರಿ ಟೀಚರ್, ನಿಮಗ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ್ರಿ?" ಎಂದರು ಅವಳ ಅಜ್ಜಿ.

ಮುಚ್ಚಿದ ಕೋಣೆಯೊಳಗಿಂದ ಅಜ್ಜಿಯನ್ನು ಕರೆಯುವ ಸಣ್ಣ ದನಿ ಬಂತು: "ಆಯಿ, ಒಂದ್ ಗುಟುಕು ನೀರರೆ ಕೊಡ ಬೇ."

ಅದು ಹುಡುಗಿಯ ಅಕ್ಕ. ಹೆರಿಗೆಗೆಂದು ಮೂಡಲಗಿಯ ಗಂಡನ ಮನೆಯಿಂದ ಬಂದವಳು. ಹಿಂದಿನ ರಾತ್ರಿಯ ಊಟದ ನಂತರ ಅವಳಿಗೆ ಹನಿ ನೀರೂ ಕೊಟ್ಟಿಲ್ಲವೆಂದು ಹುಡುಗಿ ನನ್ನ ಪಕ್ಕಕ್ಕೆ ಬಂದು ಹೇಳಿದಳು.

"ಒನಕಿ ಬೀಳ್ಲಿ, ಕೊಡ್ತೇನಿ. ಅದು ನಿಂತಿರೂತನಾ ಗ್ರಹಣ ಬಿಟ್ಟಿಲ್ಲ," ಎಂದರು ಅಜ್ಜಿ.

"ಬಿಟ್ಟೈತ್ರಿ," ಎಂದು ಕೈಗಡಿಯಾರ ತೋರಿಸಿದೆ.

"ನಿಮ್ಮ ಗಡಿಯಾರ ಮುಂದ ಓಡಾಕತ್ತಿರಬೇಕು. ಒನಕಿಗೇನ ಸೆಲ್ಲು ಹಾಕಿರ್ತಾರೇನ್ರಿ?"

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಟೀಚರ್, ಬ್ಯಾರೆ ದಿನಾನೂ ನಿಲ್ಲತೈತೇನ್ರಿ ಇದು?"

ನನಗೆ ಗೊತ್ತಿರಲಿಲ್ಲ. ಎಂ.ಎಸ್ಸಿ. ಓದಿದ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ಪ್ರತಿ ಗ್ರಹಣಕ್ಕೆ ಒನಕೆ ನಿಲ್ಲಿಸುತ್ತಿದ್ದರು. ಬೇರೆ ದಿನ ನಿಲ್ಲಿಸಿ ನೋಡಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ. ಅದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು, ಅಷ್ಟು ಹೊತ್ತು ನಾನೂ ಅದು ಬೀಳಲಿ ಎಂದೇ ಕಾಯುತ್ತಿದ್ದದ್ದು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕಾಲಿನಿಂದ ಪರಾತವನ್ನು ನೂಕಿಬಿಟ್ಟಳು. ಒನಕೆ ಕಲ್ಲುಹಾಸಿನ ಮೇಲೆ ಬಿದ್ದ ಸದ್ದಿಗೆ ಅಜ್ಜಿ ಎದೆ ಹಿಡಿದುಕೊಂಡರು.

"ಬಿತ್ತಲ್ಲ ಬೇ ಆಯಿ. ಈಗ ಕೊಡು."

ಅಜ್ಜಿ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. "ಇದನ್ನ ಕಲಸ್ತೀರೇನ್ರಿ ಸಾಲ್ಯಾಗ?"

ಆದರೂ ತಂಬಿಗೆ ತುಂಬಿಕೊಂಡು ಹೋಗಿ ಕೋಣೆಯ ಬಾಗಿಲು ತೆಗೆದರು. ಅಕ್ಕ ಗಟಗಟ ಕುಡಿಯುವುದು ಹೊರಗೆ ಕೇಳಿಸಿತು. ಹುಡುಗಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯ ಮೂಲೆಯಲ್ಲಿದ್ದ ಒನಕೆಯನ್ನು ಅಂಗಳಕ್ಕೆ ತಂದು, ಪರಾತದಲ್ಲಿ ನೀರು ಹಾಕಿ ನಿಲ್ಲಿಸಿದೆ. ಮೂರು ಸಲ ಬಿತ್ತು. ನಾಲ್ಕನೆಯ ಸಲ ಕೈ ಬಿಟ್ಟೆ, ನಿಂತಿತು. ಮೇಲೆ ಸೂರ್ಯ ಪೂರ್ತಿ ದುಂಡಗಿದ್ದ. ಒನಕೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಪರಾತವನ್ನು ಚೀಲದಲ್ಲಿಟ್ಟುಕೊಂಡು ಘೋಡಗೇರಿಯ ಬಸ್ಸು ಹತ್ತಿದೆ.