ಸೋನಾಪುರದ ಕನ್ನಡಕದ ಕಾಕಾ

ಭೂತ, ಶಕುನ, ಅಶರೀರವಾಣಿ ಎಂದರೆ ನಾನು ನಕ್ಕುಬಿಡುತ್ತಿದ್ದೆ. ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೇ ಎನ್ನುವ ಜಾತಿ ನನ್ನದು. ಈಗಲೂ ಯಾರಾದರೂ ಹೇಳಿದರೆ ಪೂರ್ತಿ ನಂಬುವುದಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ದುಬೈಯ ಮುಹೈಸ್ನಾದಲ್ಲಿದ್ದೆ. ಅಲ್ಲಿನ ಕಾರ್ಮಿಕರ ಕ್ಯಾಂಪನ್ನು ನಾವೆಲ್ಲ ಸೋನಾಪುರ ಎನ್ನುತ್ತಿದ್ದೆವು. ವಾರವಿಡೀ ಗೋದಾಮಿನ ಕೆಲಸ. ಶುಕ್ರವಾರ ಮಧ್ಯಾಹ್ನ ಕ್ಯಾಂಪಿನ ಹಿಂದೆ ಮರಳಿನಲ್ಲಿ ಹಳೆಯ ಬೆಡ್‌ಶೀಟು ಹಾಸಿ ಕಾಲುಚೀಲ, ಲುಂಗಿ ಮಾರುತ್ತಿದ್ದೆ. ಲೈಸೆನ್ಸು ಗೀಸೆನ್ಸು ಏನೂ ಇಲ್ಲ. ಇನ್‌ಸ್ಪೆಕ್ಟರುಗಳ ಕೈಗೆ ಸಿಕ್ಕರೆ ವೀಸಾ ಖಲಾಸ್, ಊರಿಗೆ ವಿಮಾನ. ಅದಕ್ಕೇ ಎಲ್ಲರ ಶೀಟಿನ ನಾಲ್ಕು ಮೂಲೆಗೂ ಹಗ್ಗ ಕಟ್ಟಿರುತ್ತಿತ್ತು. ಒಂದೇ ಎಳೆತಕ್ಕೆ ಅಂಗಡಿ ಗಂಟಾಗಬೇಕು, ಗಂಟು ಹೆಗಲಿಗೇರಬೇಕು, ಓಡಬೇಕು.

ನನ್ನ ಪಕ್ಕದಲ್ಲಿ ಭಟ್ಕಳದ ಒಬ್ಬರು ಕಾಕಾ ಓದುವ ಕನ್ನಡಕ ಮಾರುತ್ತಿದ್ದರು. ಅರುವತ್ತು ದಾಟಿದ ಜೀವ. ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಅಕ್ಷರ ಬಾರದು, ಹಾಗಾಗಿ ಕಾಕಾ ಕನ್ನಡಕ ತೊಡಿಸಿ ಕೈಗೆ ಸೂಜಿ ದಾರ ಕೊಟ್ಟು ಪೋಣಿಸಲು ಹೇಳುತ್ತಿದ್ದರು. ದಾರ ಹೊಕ್ಕರೆ ಕನ್ನಡಕ ಸರಿ. ಹಾಲಿಲ್ಲದ ಸುಲೈಮಾನಿ ಚಹಾ ತಂದರೆ ನನಗೂ ಒಂದು ಲೋಟ ತರುವಂಥ ಮನುಷ್ಯ. ಆದರೆ ಒಂದು ವಿಷಯ ನನ್ನ ತಲೆ ಕೊರೆಯುತ್ತಿತ್ತು. ಮೂರು ಸಲ ಚೆಕಿಂಗ್ ಬಂದಿತ್ತು, ಮೂರು ಸಲವೂ ಐದು ನಿಮಿಷ ಮೊದಲೇ ಕಾಕಾ ಗಂಟು ಕಟ್ಟಿ ಹೋಗಿದ್ದರು.

“ನಿಮಗೆ ಹೇಗೆ ಗೊತ್ತಾಗ್ತದೆ ಕಾಕಾ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಹಿಂದಿನಿಂದ ‘ಏಳು’ ಅಂತ ಹೇಳ್ತಾರೆ ಮಾರಾಯ. ನಾನು ಏಳ್ತೇನೆ.”

“ಯಾರು ಹೇಳೋದು?”

“ತಿರುಗಿ ನೋಡಿದ್ರೆ ಯಾರೂ ಇರೋದಿಲ್ಲ. ನಮ್ಮ ಭಟ್ಕಳದ ಮನೆಮಾತಲ್ಲೇ ಹೇಳ್ತಾರೆ.”

ಯಾರಿಗೆ ಟೋಪಿ ಹಾಕುತ್ತಾರೆ ಇವರು! ಇನ್‌ಸ್ಪೆಕ್ಟರುಗಳಿಗೆ ಸುದ್ದಿ ಮುಟ್ಟಿಸುವುದು ಇವರೇ ಎಂದು ನನಗೆ ಖಾತ್ರಿಯಾಯಿತು. ಸುತ್ತ ಕೂರುವ ನಾಲ್ಕೈದು ಮಂದಿಗೂ ಹೇಳಿದೆ. ಮುಂದಿನ ಸಲ ಎದ್ದರೆ ಹಿಡಿದು ಕೂರಿಸಬೇಕು, ಬಣ್ಣ ಬಯಲಾಗಲಿ ಎಂದು ತೀರ್ಮಾನಿಸಿದೆವು. ಅವರು ತಂದ ಚಹಾ ಕುಡಿಯುವುದನ್ನು ಮಾತ್ರ ನಾನು ಬಿಡಲಿಲ್ಲ, ನಾಚಿಕೆಗೆಟ್ಟವನು.

ಆ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿತ್ತು. ಗಿರಾಕಿಯೊಬ್ಬ ಕಣ್ಣು ಕಿರಿದು ಮಾಡಿಕೊಂಡು ಸೂಜಿ ಪೋಣಿಸುತ್ತಿದ್ದ. ಕಾಕಾ ಒಮ್ಮೆಲೇ ಅವನ ಕೈಯಿಂದ ಸೂಜಿ ಕಿತ್ತುಕೊಂಡು ಹಗ್ಗಕ್ಕೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ.

“ಇವತ್ತು ಕೂತ್ಕೊಳ್ಳಿ ಕಾಕಾ. ಯಾರು ಬರ್ತಾರೆ ನೋಡುವ.”

“ಬಿಡು ಮಾರಾಯ! ನೀನೂ ಏಳು, ಬೇಗ!”

ಅವರು ಕೈ ಬಿಡಿಸಿಕೊಳ್ಳಲು ಎಳೆದರು. ಸಿಕ್ಕಿಬಿದ್ದ ಕಳ್ಳನ ಒದ್ದಾಟ ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದೆ. ಆಗ ನನ್ನ ಕಿವಿಯ ಹಿಂದೆಯೇ ಯಾರೋ ಹೇಳಿದರು: “ಲಕ್ಕ್.”

ನನ್ನ ಮನೆಮಾತು ತುಳುವಿನಲ್ಲಿ ‘ಏಳು’ ಎಂದು. ಗಂಡಸಿನ ದನಿಯೋ ಹೆಂಗಸಿನದೋ ಹೇಳಲಾರೆ. ಆ ಸಾಲಿನಲ್ಲಿ ತುಳು ಬರುವವನು ನಾನೊಬ್ಬನೇ. ಹೆದರಿ ಕಾಕಾನ ಕೈ ಬಿಟ್ಟು ದಡಕ್ಕನೆ ಎದ್ದೆ, ಹಿಂದಕ್ಕೆ ನಾಲ್ಕು ಹೆಜ್ಜೆ ಹೋಗಿ ನೋಡಿದೆ. ಮರಳು, ಒಂದು ಖಾಲಿ ನೀರಿನ ಟ್ಯಾಂಕು, ಬೇರೇನಿಲ್ಲ. ಈಚೆ ತಿರುಗುವಷ್ಟರಲ್ಲಿ ಚೆಕಿಂಗಿನ ಗಾಡಿಗಳು ಬಂದು ನಿಂತಿದ್ದವು.

ಶೀಟಿನಿಂದ ದೂರ ನಿಂತಿದ್ದ ನಾನು ಗಿರಾಕಿಯ ಹಾಗೆ ಕಂಡೆ. ಅರ್ಧ ಕಟ್ಟಿದ ಗಂಟಿನ ಮೇಲೆ ಬಾಗಿದ್ದ ಕಾಕಾ ಸಿಕ್ಕಿಬಿದ್ದರು. ಇನ್‌ಸ್ಪೆಕ್ಟರುಗಳು ನನ್ನ ಕಾಲುಚೀಲಗಳನ್ನು ತೋರಿಸಿ ಇದು ಯಾರದು ಎಂದು ಕೇಳಿದರು. ಕಾಕಾ ಒಂದು ಕ್ಷಣ ನನ್ನನ್ನು ನೋಡಿದರು.

“ಮೇರಾ ಹೈ,” ಎಂದರು.

ಅವರನ್ನು ಊರಿಗೆ ಕಳಿಸಿದರೆಂದು ಆಮೇಲೆ ಗೊತ್ತಾಯಿತು. ಅವರು ಹೋದ ಮೇಲೂ ಚೆಕಿಂಗ್ ಬರುತ್ತಲೇ ಇತ್ತು. ಹಾಗಾದರೆ ಸುದ್ದಿ ಕೊಡುತ್ತಿದ್ದವರು ಅವರಲ್ಲ. ದೂರದ ಧೂಳು ಕಂಡು ಏಳುತ್ತಿದ್ದರೇನೋ, ನನಗೆ ಕೇಳಿಸಿದ್ದು ಬರೀ ಭ್ರಮೆಯೇನೋ. ಎಷ್ಟು ಲೆಕ್ಕ ಹಾಕಿದರೂ ಆ ದನಿ ಯಾರದೆಂದು ತಿಳಿಯುತ್ತಿಲ್ಲ. ಮುಖವಿಲ್ಲದ ಆ ದನಿಯ ಒಂದೇ ಮಾತಿಗೆ ಎದ್ದವನು ನಾನು. ಕಣ್ಣೆದುರೇ ಇದ್ದ ಕಾಕಾ ‘ನೀನೂ ಏಳು’ ಎಂದಾಗ ಅವರ ಕೈಯನ್ನು ಮಾತ್ರ ಬಿಡಲಿಲ್ಲ.